ಮನೆಯೊಳಗೆ ಹರಿಯುವ ಹಳ್ಳ: ಸೆಳವಿನ ಅಕ್ವೇರಿಯಂ ಕಟ್ಟುವ ಬಗೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಆರಂಭದಲ್ಲಿ ಬರೀ ಹಳ್ಳ. ತಂಪು ನೀರು, ಉರುಟು ಕಲ್ಲು, ಒಂದೇ ದಿಕ್ಕಿನ ಸೆಳವು. ಈ ಮೂರನ್ನು ಗಾಜಿನ ತೊಟ್ಟಿಗೆ ತಂದರೆ ಹಳ್ಳದ ಮೀನು ಬದುಕುತ್ತದೆ.

ತೊಟ್ಟಿ ಎತ್ತರಕ್ಕಿಂತ ಉದ್ದವಾಗಿರಲಿ: 36 ಇಂಚು ಉದ್ದ, 15 ಅಗಲ, 15 ಎತ್ತರ. ಕಲ್ಲು, ಮರಳು ಹಾಕಿದ ಮೇಲೆ ಸುಮಾರು 110 ಲೀಟರ್ ನೀರು ಹಿಡಿಯುತ್ತದೆ. ಒಟ್ಟು ತೂಕ 170 ಕಿಲೋ ದಾಟುವುದರಿಂದ ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಬೇಕು, ತಳಕ್ಕೆ ಥರ್ಮಾಕೋಲ್ ಹಾಳೆ ಬೇಕು.

ಸೆಳವು ಹುಟ್ಟುವುದು ಮರಳಿನಡಿಯ ಪೈಪಿನಿಂದ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು, 4 ಎಲ್ಬೋ, 4 ಟೀ ತಂದು ತಳದ ಅಳತೆಗೆ ಆಯತಾಕಾರದ ಚೌಕಟ್ಟು ಜೋಡಿಸಿ. ಎರಡು ಗಿಡ್ಡ ಬದಿಗಳಲ್ಲೂ ಎರಡೆರಡು ಟೀ, ಬಾಯಿ ಮೇಲಕ್ಕೆ. ಎಡಗಡೆಯ ಟೀಗಳ ಮೇಲೆ ಸ್ಪಂಜು, ಬಲಗಡೆಯವುಗಳ ಮೇಲೆ ಗಂಟೆಗೆ 1000 ಲೀಟರಿನ ಎರಡು ಪವರ್‌ಹೆಡ್ (ನೀರಿನೊಳಗಿಡುವ ಚಿಕ್ಕ ಪಂಪು), ಮುಖ ಎಡಕ್ಕೆ. ನೀರು ಮೇಲೆ ಬಲದಿಂದ ಎಡಕ್ಕೆ ಹರಿದು, ಸ್ಪಂಜಿನೊಳಗೆ ಇಳಿದು, ಪೈಪಿನಲ್ಲಿ ಮರಳಿ ಬಲಕ್ಕೆ ಬರುತ್ತದೆ. ಅಂಗಡಿಗೆ ಹೋಗುವಾಗ ಪಂಪು ಜೊತೆಗಿರಲಿ. ಅದರ ಹೀರುವ ಬಾಯಿ ಪೈಪಿಗೆ ಕೂರುತ್ತದೋ ನೋಡಲೇಬೇಕು. ಎಲ್ಲವೂ ನೀರಿನೊಳಗೇ ಇರುವುದರಿಂದ ಕೀಲುಗಳಿಗೆ ಸಲ್ಯೂಷನ್ ಬೇಡ, ಬಿಗಿಯಾಗಿ ಒತ್ತಿದರೆ ಸಾಕು. ಪೈಪಿಗೆ ತೂತು ಕೊರೆಯಬೇಡಿ. ಕೊರೆದರೆ ಪಂಪು ಮರಳನ್ನೇ ಹೀರಿ ಕೆಡುತ್ತದೆ.

ಕಲ್ಲಿನ ವಿಷಯದಲ್ಲಿ ನಮ್ಮ ಕಡೆಯವರು ಎಚ್ಚರವಾಗಿರಬೇಕು. ಬಾಗಲಕೋಟೆ ಭಾಗದ ಸುಣ್ಣಕಲ್ಲಿನ ಫರಶಿ ನೀರಿನಲ್ಲಿ ಕರಗುತ್ತ ಗಡಸುತನ ಏರಿಸುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು, ವಿಜಯಪುರದ ಕರಿಕಲ್ಲು ಎರಡೂ ನಿಶ್ಚಿಂತೆ. ಅನುಮಾನವಿದ್ದರೆ ಕಲ್ಲಿನ ಮೇಲೆ ವಿನೆಗರ್ ಹನಿಸಿ. ನೊರೆ ಎದ್ದರೆ ಬಿಡಿ. ದೊಡ್ಡ ಕಲ್ಲನ್ನು ಗಾಜಿನ ತಳದ ಮೇಲೆ ತೆಳು ಸ್ಪಂಜು ಹಾಕಿ ಮೊದಲೇ ಕೂರಿಸಿ, ಆಮೇಲೆ ತೊಳೆದ ಮರಳು 2 ಇಂಚು ಹರಡಿ. ಮರಳಿನ ಮೇಲಿಟ್ಟ ಕಲ್ಲಿನಡಿ ಮೀನು ಕೆದಕಿದರೆ ಕಲ್ಲು ವಾಲಿ ಗಾಜಿಗೆ ಬಡಿಯುತ್ತದೆ. ಒಂದೆರಡು ಕಲ್ಲು ಸೆಳವಿಗೆ ಅಡ್ಡ ನಿಲ್ಲಬೇಕು, ದಣಿದ ಮೀನಿಗೆ ಅದರ ಮರೆಯೇ ಆಸರೆ.

ಬೋರ್ ನೀರು ಗಡಸಾಗಿದ್ದರೆ ಅರ್ಧದಷ್ಟು ಆರ್‌ಒ ನೀರು ಬೆರೆಸಿ. ಬರೀ ಆರ್‌ಒ ನೀರಿನಲ್ಲಿ ಪಿಎಚ್ ಒಮ್ಮೆಲೇ ಕುಸಿಯಬಹುದು. ನಳದ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಕೊಳಕು ಅರಗಿಸುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಬೆಳೆಯಲೆಂದು, ಮೀನಿಲ್ಲದೆ, ಚಿಟಿಕೆ ಮೀನಿನ ಆಹಾರ ಹಾಕುತ್ತ 4ರಿಂದ 6 ವಾರ ಪಂಪು ಓಡಿಸಿ. ಟೆಸ್ಟ್ ಕಿಟ್‌ನಲ್ಲಿ ಮೀನಿಗೆ ವಿಷವಾದ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆಯೇ ಮೀನು. ಇಲ್ಲಿ ಅವಸರಪಟ್ಟವರ ಮೀನು ಮೊದಲ ತಿಂಗಳೇ ಸಾಯುತ್ತದೆ.

ಮೊದಲು ಝೀಬ್ರಾ ಡೇನಿಯೊ 5, ಎರಡು ವಾರಕ್ಕೆ ಇನ್ನೂ 5, ಕಡೆಗೆ ತಳದಲ್ಲಿ ಓಡಾಡುವ ಚಿಕ್ಕ ಲೋಚ್ ಮೀನು 4. ಡೇನಿಯೊ ಜಿಗಿಯುತ್ತದೆ, ಮುಚ್ಚಳವಾಗಿ ಬಲೆ ಹಾಕಿ. ಮಿಸ್ ಕೇರಳ ಮೀನು ಚೆಂದ, ಆದರೆ ಅದಕ್ಕೆ 4 ಅಡಿ ತೊಟ್ಟಿ ಬೇಕು. ಕಾಡಿನಲ್ಲಿ ಅಳಿವಿನಂಚಿಗೆ ಬಂದಿರುವುದರಿಂದ ಫಾರ್ಮಿನಲ್ಲಿ ಮರಿ ಮಾಡಿದ್ದನ್ನೇ ಕೊಳ್ಳಿ. ಭೀಮಗಡ ಅಭಯಾರಣ್ಯದ ಹಳ್ಳಗಳಿಂದ ಮೀನು, ಕಲ್ಲು ಯಾವುದನ್ನೂ ತರಕೂಡದು.

ನಿಜವಾದ ಪರೀಕ್ಷೆ ಏಪ್ರಿಲ್, ಮೇ ತಿಂಗಳಿನದು. ನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೆ. ಹಳ್ಳದ ಮೀನಿಗೆ 22ರಿಂದ 26 ಡಿಗ್ರಿ ಹಿತ. ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಚಿಕ್ಕ ಫ್ಯಾನ್ ಇಟ್ಟರೆ 2–3 ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟನ್ನು ಆರ್‌ಒ ನೀರಿನಿಂದಲೇ ತುಂಬಿ. ಬೋರ್ ನೀರು ತುಂಬುತ್ತ ಹೋದರೆ ಲವಣ ಉಳಿದು ವಾರದಿಂದ ವಾರಕ್ಕೆ ಗಡಸುತನ ಏರುತ್ತದೆ.

ಕರೆಂಟು ಹೋದರೆ ಮೊದಲು ಕಾಣುವ ಲಕ್ಷಣ, ಮೀನು ಮೇಲೆ ಬಂದು ಬಾಯಿ ಬಿಡುವುದು. ಬ್ಯಾಟರಿ ಏರ್ ಪಂಪು ಕೈಗೆಟುಕುವಲ್ಲಿರಲಿ. ನಾಲ್ಕೈದು ತಾಸು ಪಂಪು ನಿಂತಿದ್ದರೆ, ಮತ್ತೆ ಚಾಲೂ ಮಾಡುವ ಮುನ್ನ ಸ್ಪಂಜುಗಳನ್ನು ತೊಟ್ಟಿಯಿಂದ ಬಕೆಟ್ಟಿಗೆ ತೆಗೆದ ನೀರಿನಲ್ಲಿ ಹಿಂಡಿ ಹಾಕಿ. ಒಳಗೆ ಕೊಳೆತದ್ದು ಸೆಳವಿನೊಂದಿಗೆ ಮೀನಿನ ಮೇಲೆ ಬರಬಾರದು.