ಚಳಿಗೆ ಆಫ್ ಆಗುವ ಹಳೇ ಲಾರಿ: ಪಂಪ್ ಬಿಚ್ಚುವ ಮೊದಲು ನಾನು ನೋಡಿದ್ದು

ನನ್ನದು ಹಳೆಯ ಆರು ಚಕ್ರದ ಲಾರಿ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ, ಎಲ್ಲ ಇಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಮೆಕ್ಯಾನಿಕಲ್ ಪಂಪಿನದ್ದೇ ಆಟ. ಶ್ರೀನಿವಾಸಪುರ ಕಡೆಯ ತೋಟಗಳಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆಯುತ್ತೇನೆ. ಹರಾಜು ಶುರುವಾಗುವ ಮೊದಲು ಕ್ರೇಟುಗಳು ಮಂಡಿಯಲ್ಲಿ ಇಳಿದಿರಬೇಕು. ತಡವಾದರೆ ರೈತರ ಬೈಗುಳ ನನಗೇ.

ಡಿಸೆಂಬರ್ ಚಳಿ ಬಿದ್ದಾಗ ಲಾರಿಗೆ ಹೊಸ ಚಾಳಿ ಶುರುವಾಯಿತು. ಬೆಳಗ್ಗೆ ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್. ಒಂದೆರಡು ನಿಮಿಷ ಚೆನ್ನಾಗಿ ಓಡಿ, ಮುಕ್ಕರಿಸಿ, ಆಫ್. ಆಮೇಲೆ ಎಷ್ಟು ಹೊಡೆದರೂ ಇಲ್ಲ. ಕೈಯಿಂದ ಒತ್ತುವ ಹ್ಯಾಂಡ್ ಪಂಪ್ ಒತ್ತಿ ಡೀಸೆಲ್ ಲೈನಿನ ಏರ್ (ಗಾಳಿ) ತೆಗೆದರೆ ಮತ್ತೆ ಓಡುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ತೆಗೆದರೆ ಯಾವ ರಗಳೆಯೂ ಇಲ್ಲ.

ಸಲಹೆಗೇನು ಬರ ಇರಲಿಲ್ಲ. ಬ್ಯಾಟರಿ ಹಾಕಿಸು ಅಂದರು. ಚಳಿಗೆ ಡೀಸೆಲ್ ಗಟ್ಟಿಯಾಗಿದೆ ಅಂದರು. ನಮ್ಮ ಕೋಲಾರದ ಚಳಿಗೆ ಡೀಸೆಲ್ ಗಟ್ಟಿಯಾಗುವುದಿಲ್ಲ, ಅದು ಲಡಾಖ್ ಕಡೆಯ ಮಾತು. ಒಬ್ಬ ಮೆಕ್ಯಾನಿಕ್ ಅಂತೂ ಪಂಪ್ ಬಿಚ್ಚಿ, ಅದರ ಡೀಸೆಲ್ ಅಳತೆ ಸರಿಮಾಡುವ ಕ್ಯಾಲಿಬ್ರೇಷನ್‌ಗೆ ಕಳಿಸಲೇಬೇಕು ಎಂದು ಕೂತರು. ಅದು ದೊಡ್ಡ ಖರ್ಚು, ಲಾರಿಯೂ ನಿಲ್ಲುತ್ತದೆ. ಸ್ವಲ್ಪ ತಡೆಯಿರಿ ಎಂದೆ.

ಮೊದಲು ನೋಡಿದ್ದು ಹೊಗೆ. ಆಫ್ ಆದ ಮೇಲೆ ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಕಡೆ ಒಬ್ಬರನ್ನು ನಿಲ್ಲಿಸಿದೆ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದು ಅರ್ಥ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪುತ್ತಿಲ್ಲ. ನನಗೆ ಒಂದು ಎಳೆ ಹೊಗೆಯೂ ಕಾಣಲಿಲ್ಲ. ಸೆಲ್ಫ್ ಜೋರಾಗಿಯೇ ತಿರುಗುತ್ತಿತ್ತು, ಹಾಗಾಗಿ ಬ್ಯಾಟರಿ ಮಾತು ಅಲ್ಲಿಗೇ ಮುಗಿಯಿತು. ಇಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ ಅರ್ಧಕ್ಕೆ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿದೆ. ಲಿವರ್ ಸರಿಯಾಗಿ ವಾಪಸ್ ಬರುತ್ತಿತ್ತು.

ಹಾಗಾದರೆ ಮೊದಲ ಏಟಿಗೆ ಹೇಗೆ ಸ್ಟಾರ್ಟ್ ಆಗುತ್ತದೆ? ಇಡೀ ಕೇಸಿನ ಗುಟ್ಟು ಇರುವುದೇ ಇಲ್ಲಿ. ಫಿಲ್ಟರ್ ಮತ್ತು ಪಂಪಿನ ಒಳಗೆ ಉಳಿದ ಡೀಸೆಲ್ ಒಂದೆರಡು ನಿಮಿಷಕ್ಕೆ ಸಾಕು. ಅಷ್ಟರಲ್ಲಿ ಹಿಂದಿನಿಂದ ಗಾಳಿ ಬರುತ್ತದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ತೆರೆಯಲು 200 ಬಾರ್ ಆಸುಪಾಸಿನ ಒತ್ತಡ ಬೇಕು. ಡೀಸೆಲನ್ನು ಒತ್ತಿದರೆ ಆ ಒತ್ತಡ ಬರುತ್ತದೆ, ಗಾಳಿಯನ್ನು ಒತ್ತಿದರೆ ಅದು ಸುಮ್ನೆ ಕುಗ್ಗುತ್ತದೆ. ಆಮೇಲೆ ಬ್ಯಾಟರಿ ಸಾಯುವವರೆಗೆ ಹೊಡೆದರೂ ಅಷ್ಟೇ.

ಟ್ಯಾಂಕಿನಿಂದ ಡೀಸೆಲ್ ಎಳೆದು ಮುಖ್ಯ ಪಂಪಿಗೆ ಕೊಡುವ ಸಣ್ಣ ಪಂಪಿಗೆ ಫೀಡ್ ಪಂಪ್ ಅನ್ನುತ್ತಾರೆ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಲೈನ್ ಎಳೆಯುವ ಲೈನ್. ಅಲ್ಲಿ ಲೀಕ್ ಇದ್ದರೆ ಡೀಸೆಲ್ ಹೊರಗೆ ಬರುವುದು ಕಡಿಮೆ, ಗಾಳಿ ಒಳಗೆ ಹೋಗುವುದೇ ಜಾಸ್ತಿ. ತೂತಾದ ಸ್ಟ್ರಾ ಹಾಕಿಕೊಂಡು ಎಳನೀರು ಕುಡಿದ ಹಾಗೆ. ಕೆಳಗೆ ಒಂದು ಹನಿಯೂ ಇಲ್ಲ, ಲೀಕ್ ಎಲ್ಲಿಂದ ಬಂತು ಎಂದು ಎಲ್ಲರೂ ವಾದ ಮಾಡುವುದು ಇದಕ್ಕೇ.

ಪರೀಕ್ಷೆಗೆ ಒಂದು ಕ್ಯಾನ್ ಸಾಕು. ಟ್ಯಾಂಕಿನ ಲೈನ್ ಕಳಚಿ, ಕ್ಲೀನಾದ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಹೊಸ ಹೋಸ್‌ನಿಂದ ನೇರ ಫೀಡ್ ಪಂಪಿಗೆ ಕೊಟ್ಟೆ. ಕ್ಯಾನನ್ನು ಟ್ಯಾಂಕಿನಷ್ಟೇ ಎತ್ತರದಲ್ಲಿ ಇಟ್ಟಿದ್ದೆ. ಮೇಲಿಟ್ಟರೆ ಡೀಸೆಲ್ ತಾನಾಗಿ ಇಳಿದು ಪರೀಕ್ಷೆ ಸುಳ್ಳಾಗುತ್ತದೆ. ಏರ್ ತೆಗೆದು ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಗ್ಗೆ ಮಂಜು ಬಿದ್ದಿತ್ತು, ಒಳ್ಳೆಯದೇ ಆಯಿತು. ಸ್ಟಾರ್ಟ್ ಆಗಿ ನಿಲ್ಲದೆ ಓಡಿತು. ಪಂಪ್ ಬಚಾವ್.

ಆಮೇಲೆ ಟ್ಯಾಂಕಿನ ಲೈನ್ ಮತ್ತೆ ಜೋಡಿಸಿ, ಫೀಡ್ ಪಂಪಿಗೆ ಡೀಸೆಲ್ ಬರುವ ಕಡೆ ಒಂದು ಗೇಣು ಪಾರದರ್ಶಕ ಹೋಸ್ ಹಾಕಿದೆ. ಮರುದಿನ ಬೆಳಗ್ಗೆ ಗುಳ್ಳೆಗಳ ಸಾಲೇ ಓಡಿತು. ಅಲ್ಲಿಂದ ಟ್ಯಾಂಕಿನ ಕಡೆಗೆ ಒಂದೊಂದೇ ಜಾಯಿಂಟ್ ನೋಡುತ್ತಾ ಹೋದೆ. ಚಾಸಿ ಪಕ್ಕದ ರಬ್ಬರ್ ಹೋಸ್, ಕ್ಲಿಪ್ ಕೂತ ಜಾಗದಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೂದಲೆಳೆ ಬಿರುಕು ಬಿಟ್ಟಿತ್ತು. ಚಳಿಗೆ ಕುಗ್ಗಿ ಸಡಿಲವಾಗುತ್ತದೆ, ಬಿಸಿಯಾದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನದ ಮರ್ಯಾದೆಗೆ ಅದೇ ಕಾರಣ. ಕ್ಲಿಪ್ ಬಿಗಿ ಮಾಡಿದರೆ ಬಿರುಕು ಇನ್ನೂ ಬಾಯಿ ಬಿಡುತ್ತದೆ, ಹೋಸನ್ನೇ ಬದಲಾಯಿಸಬೇಕು. ಡೀಸೆಲ್ ತಡೆಯುವ ಹೋಸನ್ನೇ ಕೇಳಿ ತೆಗೆದುಕೊಳ್ಳಿ. ನೀರಿನ ಪೈಪ್ ಕೆಲವೇ ವಾರಗಳಲ್ಲಿ ಮೆತ್ತಗಾಗಿ ಒಳಗೇ ಕುಸಿಯುತ್ತದೆ. ಪೈಪ್ ಜೋಡಿಸುವ, ನಡುವೆ ತೂತಿರುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರುಗಳನ್ನೂ ಬದಲಿಸಿದೆ. ಎಲ್ಲ ಸೇರಿದರೂ ಒಂದು ಕ್ರೇಟ್ ಟೊಮೆಟೊ ಬೆಲೆ ದಾಟಲಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತಲ್ಲ, ಆ ಲೆಕ್ಕದಲ್ಲಿ.

ಏರ್ ತೆಗೆಯುವಾಗ ಫಿಲ್ಟರ್ ಮೇಲಿನ ಸ್ಕ್ರೂ ಮೊದಲು, ಪಂಪಿನದು ಆಮೇಲೆ. ನೊರೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಬೇಕು. ನಾಝಲ್ ಪೈಪಿನ ನಟ್ ಸಡಿಲಿಸಿದಾಗ ಕೈ ಹತ್ತಿರ ಇಡಬೇಡಿ, ಆ ಒತ್ತಡದ ಡೀಸೆಲ್ ಚರ್ಮದೊಳಕ್ಕೇ ನುಗ್ಗುತ್ತದೆ. ಸೆಲ್ಫ್ ಒಂದು ಸಲಕ್ಕೆ 10-15 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಬಿಡಿ. ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡುವ ಅಭ್ಯಾಸ ಕೆಲವರಿಗಿದೆ. ಇಂಜಿನ್ ಓಡದಿದ್ದರೆ ಬ್ರೇಕಿಗೆ ಬೂಸ್ಟರ್ ಬಲ ಸಿಗುವುದಿಲ್ಲ, ನಾನಂತೂ ಆ ಕಡೆ ಹೋಗುವುದಿಲ್ಲ.

ನಿಮ್ಮ ಲಾರಿ ಕ್ಯಾನಿನ ಡೀಸೆಲ್ಲಿಗೂ ಆಫ್ ಆದರೆ ಫೀಡ್ ಪಂಪಿನ ಜಾಲರಿ ಮತ್ತು ವಾಲ್ವ್ ಬಿಚ್ಚಿ ನೋಡಿ. ವಾಲ್ವಿನ ಕೆಳಗೆ ಒಂದು ಚೂರು ಕಸ ಕೂತರೂ ರಾತ್ರಿ ಡೀಸೆಲ್ಲೆಲ್ಲ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಅದೂ ಸರಿ ಇದ್ದರೆ ಆಗ ಪಂಪ್ ಶಾಪಿಗೆ ಹೋಗಿ.