ಹೆಪಟೈಟಿಸ್ ಸಿ: ಕಣ್ಣು ಹಳದಿಯಾಗುವವರೆಗೆ ಕಾಯಬೇಡಿ

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನ ಊರುಗಳಲ್ಲಿ ಕಾಮಾಲೆಯ ಮಾತು ಶುರುವಾಗುತ್ತದೆ. ಕೆಲವರು ಡಾಕ್ಟರ ಹತ್ತಿರ ಹೋಗುತ್ತಾರೆ, ಹಲವರು ನಾಟಿ ಔಷಧಿಗೆ, ಇನ್ನು ಕೆಲವರು ರಟ್ಟೆಗೆ ಬರೆ ಹಾಕಿಸಲು. ಆ ಕಾಮಾಲೆ ಬಹುಮಟ್ಟಿಗೆ ಕೊಳೆ ನೀರಿನಿಂದ ಬರುವ ಹೆಪಟೈಟಿಸ್ (ವೈರಸ್‌ನಿಂದ ಲಿವರ್‌ಗೆ ಬರುವ ಊತ) ಎ ಅಥವಾ ಇ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಮದ್ದಿಗೆ ಬರುತ್ತದೆ. ಅದೇ ನಂಬಿಕೆಯಲ್ಲಿ ಹೆಪಟೈಟಿಸ್ ಸಿ ಇರುವವರೂ ಕೂತುಬಿಟ್ಟರೆ ಕಷ್ಟ.

ಹೆಪಟೈಟಿಸ್ ಸಿ ವೈರಸ್ ನೀರಿನಿಂದ, ಊಟದಿಂದ, ಸೊಳ್ಳೆಯಿಂದ ಬರುವುದಿಲ್ಲ. ರಕ್ತದಿಂದ ರಕ್ತಕ್ಕೆ ದಾಟುತ್ತದೆ. ತಗುಲಿದ ನೂರು ಜನರಲ್ಲಿ ಸುಮಾರು 80 ಜನಕ್ಕೆ ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಸುಮಾರು 30 ಜನರ ದೇಹ ಆರು ತಿಂಗಳೊಳಗೆ ವೈರಸ್ಸನ್ನು ತಾನೇ ಹೊರಹಾಕುತ್ತದೆ. ಉಳಿದವರ ಲಿವರ್‌ನಲ್ಲಿ ಅದು ಬೇರೂರುತ್ತದೆ. ಹೀಗೆ ಬೇರೂರಿದವರಲ್ಲಿ ಶೇ. 15ರಿಂದ 30ರಷ್ಟು ಮಂದಿ 20 ವರ್ಷದೊಳಗೆ ಸಿರೋಸಿಸ್‌ಗೆ, ಅಂದರೆ ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗುವ ಕಾಯಿಲೆಗೆ, ತುತ್ತಾಗುವ ಅಪಾಯವಿದೆ. ಇವರ ಕಣ್ಣು ಹಳದಿಯಾಗುವ ಹೊತ್ತಿಗೆ ಲಿವರ್ ಬಹಳಷ್ಟು ಕೆಟ್ಟಿರುತ್ತದೆ.

ಎ ಮತ್ತು ಬಿಗೆ ಲಸಿಕೆ ಇದೆ, ಸಿಗೆ ಇಲ್ಲ. ಆದ್ದರಿಂದ ರಕ್ತ ದಾಟುವ ದಾರಿಗಳನ್ನು ಮುಚ್ಚುವುದೇ ತಡೆ.

ಸೂಜಿ, ಬ್ಲೇಡು, ಹಚ್ಚೆ

ಸಣ್ಣ ಜ್ವರಕ್ಕೂ "ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟ್ರೇ" ಎಂದು ಕೇಳುವ ರೂಢಿಯನ್ನು ಮೊದಲು ಬಿಡಬೇಕು. ಮಾತ್ರೆಯಲ್ಲಿ ಆಗುವ ಕೆಲಸಕ್ಕೆ ಮಾತ್ರೆಯೇ ಸಾಕು. ಇಂಜೆಕ್ಷನ್ ಬೇಕೇ ಬೇಕು ಎಂದಾದರೆ ಸಿರಿಂಜಿನ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ಸೂಜಿ ಮಾತ್ರ ಬದಲಿಸಿ ಸಿರಿಂಜ್ ಅದನ್ನೇ ಬಳಸಿದರೆ ಪ್ರಯೋಜನವಿಲ್ಲ: ಸೂಜಿ ಚುಚ್ಚಿದಾಗ ಕಣ್ಣಿಗೆ ಕಾಣದಷ್ಟು ರಕ್ತ ಹಿಂದಕ್ಕೆ ಸಿರಿಂಜಿನೊಳಗೆ ಬಂದಿರಬಹುದು. ಅದೇ ಸಿರಿಂಜನ್ನು ಹಲವರಿಗೆ ಬಳಸುವ ಔಷಧಿ ಬಾಟಲಿಗೆ ಮತ್ತೆ ಅದ್ದಿದರೆ ಇಡೀ ಬಾಟಲಿಗೇ ವೈರಸ್ ಸೇರುತ್ತದೆ. ಬಳಸಿದ ಸಿರಿಂಜಿನೊಳಗೆ ಈ ವೈರಸ್ ವಾರಗಟ್ಟಲೆ ಬದುಕಿರಬಲ್ಲದು. ಪೊಟ್ಟಣ ಒಡೆದದ್ದು ಕಾಣದಿದ್ದರೆ ಸಂಕೋಚವಿಲ್ಲದೆ ಕೇಳಿ, ಅದು ನಿಮ್ಮ ಹಕ್ಕು.

ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡು ಹಾಕಿದ್ದಾರೋ ಇಲ್ಲವೋ ಎಂದು ಈಗ ಅನೇಕರು ನೋಡುತ್ತಾರೆ. ಆದರೆ ಕೊನೆಯಲ್ಲಿ ಗಾಯದ ಮೇಲೆ ಉಜ್ಜುವ ಪಟಿಕದ ಕಲ್ಲನ್ನು ಯಾರೂ ಗಮನಿಸುವುದಿಲ್ಲ. ಬೆಳಗ್ಗೆಯಿಂದ ಎಲ್ಲರ ಕೆನ್ನೆಯ ಗೀರಿನ ಮೇಲೂ ಓಡಾಡಿದ ಕಲ್ಲು ಅದು. ಬೇಡವೆನ್ನಿ. ಬ್ಲೇಡಿಗೆ ಡೆಟಾಲ್ ಒರೆಸಿದರೆ ಹೊಸದಾಗುವುದಿಲ್ಲ.

ಜಾತ್ರೆಯ ಹಚ್ಚೆ ಅಂಗಡಿಯಲ್ಲಿ ಸೂಜಿಯಷ್ಟೇ ಅಲ್ಲ, ಬಣ್ಣವನ್ನೂ ನೋಡಬೇಕು. ಒಬ್ಬೊಬ್ಬರಿಗೂ ಬೇರೆ ಚಿಕ್ಕ ಬಟ್ಟಲಿಗೆ ಬಣ್ಣ ಸುರಿದು, ಉಳಿದದ್ದನ್ನು ಚೆಲ್ಲಬೇಕು. ಒಂದೇ ಬಟ್ಟಲಿಗೆ ಎಲ್ಲರ ಸೂಜಿಯೂ ಅದ್ದಿದರೆ ಹೊಸ ಸೂಜಿ ಹಾಕಿಯೂ ಉಪಯೋಗವಿಲ್ಲ. ಮಕ್ಕಳ ಕಿವಿ ಚುಚ್ಚಿಸುವಾಗಲೂ ಇದೇ ಎಚ್ಚರ.

ಮನೆಯಲ್ಲಿ ಹಲ್ಲುಜ್ಜುವ ಬ್ರಷ್, ರೇಜರ್, ಉಗುರು ಕತ್ತರಿ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಬೆರಳು ಕೊಯ್ದುಕೊಂಡರೆ ಗಾಯವನ್ನು ಸೋಪು ನೀರಿನಲ್ಲಿ ತೊಳೆದು ಕಟ್ಟಿ, ಕತ್ತಿಯನ್ನೂ ತೊಳೆದೇ ಇನ್ನೊಬ್ಬರಿಗೆ ಕೊಡಿ. ನೆಲಕ್ಕೆ ರಕ್ತ ಬಿದ್ದರೆ ಕೈಗವಸು ಹಾಕಿ ಒರೆಸಿ, ಒಂದು ಭಾಗ ಬ್ಲೀಚಿಗೆ ಒಂಬತ್ತು ಭಾಗ ನೀರು ಬೆರೆಸಿ ಸುರಿದು, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಮನೆಯಲ್ಲೇ ಇನ್ಸುಲಿನ್ ತೆಗೆದುಕೊಳ್ಳುವವರು ಸೂಜಿಯನ್ನು ಕಸದ ಬುಟ್ಟಿಗೆ ಹಾಕಬಾರದು. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಆಸ್ಪತ್ರೆಗೆ ಕೊಡಿ. ಕಸ ಎತ್ತುವವರ ಕೈ ನೆನಪಿರಲಿ.

ಸೋಂಕಿರುವವರಿಗೆ ತಟ್ಟೆ ಲೋಟ ಬೇರೆ ಇಡುವುದು, ಮಗುವನ್ನು ಎತ್ತಿಕೊಳ್ಳಲು ಬಿಡದಿರುವುದು, ಇವೆಲ್ಲ ಬೇಕಿಲ್ಲದ ಕ್ರೌರ್ಯ. ಸೋಂಕಿರುವ ತಾಯಿ ಎದೆಹಾಲು ಕೊಡಬಹುದು. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ವಾಸಿಯಾಗುವವರೆಗೆ ಮಾತ್ರ ನಿಲ್ಲಿಸಬೇಕು. ಲೈಂಗಿಕ ಸಂಪರ್ಕದಿಂದ ಹರಡುವುದು ಕಡಿಮೆ, ಆದರೂ ಕಾಂಡೋಮ್ ಬಳಸುವುದು ಒಳ್ಳೆಯದು.

ಪರೀಕ್ಷೆ ಎರಡು, ಅರ್ಥ ಬೇರೆ ಬೇರೆ

2002ಕ್ಕೂ ಮುಂಚೆ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಸೂಜಿಯಿಂದ ಮಾದಕವಸ್ತು ತೆಗೆದುಕೊಂಡವರು, ಎಚ್‌ಐವಿ ಇರುವವರು, ಎಲ್ಲೋ ಏನೋ ಹಚ್ಚೆ ಹಾಕಿಸಿಕೊಂಡವರು, ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಅಂಶ) ಹೆಚ್ಚಿದೆ ಎಂದು ಕೇಳಿದವರು ಒಮ್ಮೆ ಪರೀಕ್ಷೆ ಮಾಡಿಸಿ. ಹೊಟ್ಟೆ ಖಾಲಿ ಇರಬೇಕಿಲ್ಲ.

ಮೊದಲನೆಯದು ಆಂಟಿ ಎಚ್‌ಸಿವಿ: ಹೆಪಟೈಟಿಸ್ ಸಿ ವೈರಸ್ (ಎಚ್‌ಸಿವಿ) ವಿರುದ್ಧ ದೇಹ ತಯಾರಿಸಿದ ಆಂಟಿಬಾಡಿಯನ್ನು ಹುಡುಕುವ ಪರೀಕ್ಷೆ. ಪಾಸಿಟಿವ್ ಬಂದ ಕೂಡಲೇ ಕಾಯಿಲೆ ಇದೆ ಎಂದು ಎದೆ ಒಡೆದುಕೊಳ್ಳಬೇಡಿ. ವೈರಸ್ ಯಾವಾಗಲೋ ದೇಹಕ್ಕೆ ಬಂದಿತ್ತು ಎಂದಷ್ಟೇ ಅದರರ್ಥ, ಹೋಗಿರಲೂಬಹುದು. ಈಗಲೂ ಇದೆಯೇ ಎಂದು ಹೇಳುವುದು ಎರಡನೆಯ ಪರೀಕ್ಷೆ, ಎಚ್‌ಸಿವಿ ಆರ್‌ಎನ್‌ಎ. ಮೊದಲನೆಯದರಲ್ಲೇ ನಿಲ್ಲಿಸುವುದು ಅತಿ ದೊಡ್ಡ ತಪ್ಪು. ಇತ್ತೀಚೆಗೆ ಸೂಜಿ ಚುಚ್ಚಿಕೊಂಡವರಿಗೆ ಆಂಟಿಬಾಡಿ ಕಾಣಿಸಿಕೊಳ್ಳಲು ಎರಡು ಮೂರು ತಿಂಗಳು ಬೇಕಾಗಬಹುದು, ಹಾಗಾಗಿ ಮೊದಲ ವಾರದ ನೆಗೆಟಿವ್ ನಂಬಿ ಬಿಡಬಾರದು.

ಕೇಂದ್ರ ಸರ್ಕಾರ 2018ರ ಜುಲೈ 28ರಂದು ಶುರುಮಾಡಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯಲ್ಲಿ, ದೂರದ ತಾಲ್ಲೂಕಿನವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಿ.

ಮಾತ್ರೆ

ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ಸೊಫೊಸ್ಬುವಿರ್ 400 ಮಿ.ಗ್ರಾಂ, ಡಕ್ಲಾಟಾಸ್ವಿರ್ 60 ಮಿ.ಗ್ರಾಂ, ದಿನಕ್ಕೊಮ್ಮೆ, 12 ವಾರ. ಸಿರೋಸಿಸ್ ಇದ್ದರೆ ಮಾತ್ರೆಯೂ ಅವಧಿಯೂ ಬದಲಾಗಬಹುದು. ನೂರಕ್ಕೆ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಶುರುಮಾಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು, ಏಕೆಂದರೆ ಸಿ ಹೋಗುವಾಗ ಒಳಗೆ ಅಡಗಿದ ಬಿ ಕೆರಳಬಹುದು. ಹೃದಯಕ್ಕೆ ಅಮಿಯೊಡರೋನ್, ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆ ರೋಗಕ್ಕೆ ಫೆನಿಟೋಯಿನ್ ತೆಗೆದುಕೊಳ್ಳುತ್ತಿದ್ದರೆ ಚೀಟಿ ಸಮೇತ ತೋರಿಸಿ. ಅಮಿಯೊಡರೋನ್ ಈ ಹೆಪಟೈಟಿಸ್ ಸಿ ಮಾತ್ರೆಗಳ ಜೊತೆ ಸೇರಿದರೆ ನಾಡಿ ಅಪಾಯಕಾರಿಯಾಗಿ ಇಳಿಯಬಹುದು, ಉಳಿದೆರಡು ಔಷಧಿಗಳು ಈ ಮಾತ್ರೆಗಳ ಬಲ ಕುಗ್ಗಿಸುತ್ತವೆ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಮಳೆಗಾಲದಲ್ಲಿ ಮಾತ್ರೆಯನ್ನು ಅದರ ಡಬ್ಬಿಯಲ್ಲೇ ಬಿಗಿಯಾಗಿ ಮುಚ್ಚಿಡಿ, ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟಕ್ಕೆ ಇಡಬೇಡಿ. ರಸ್ತೆ ಕೆಟ್ಟು ಬಸ್ಸು ತಪ್ಪುವ ದಿನಗಳಿರುತ್ತವೆ, ಆದ್ದರಿಂದ ಡಬ್ಬಿ ಮುಗಿಯುವ ವಾರಕ್ಕೆ ಮುಂಚೆಯೇ ಮುಂದಿನದನ್ನು ತನ್ನಿ. ಹೆಂಡ ಪೂರ್ತಿ ಬಿಡಿ.

ಮಾತ್ರೆ ಮುಗಿದು 12 ವಾರಕ್ಕೆ ಮತ್ತೆ ಆರ್‌ಎನ್‌ಎ ಪರೀಕ್ಷೆ. ವೈರಸ್ ಕಾಣದಿದ್ದರೆ ಗುಣವಾದಂತೆ. ಆಂಟಿಬಾಡಿ ಮಾತ್ರ ಜೀವಮಾನವಿಡೀ ಪಾಸಿಟಿವ್ ಆಗಿಯೇ ಉಳಿಯಬಹುದು. ಮುಂದೆ ಯಾವುದೋ ಆಪರೇಷನ್ನಿಗೆ ಮುಂಚೆ ಅದು ಮತ್ತೆ ಪಾಸಿಟಿವ್ ಬಂದಾಗ ಗಾಬರಿಯಾಗದಿರಲು ಈ ಕೊನೆಯ ಆರ್‌ಎನ್‌ಎ ವರದಿಯನ್ನು ಜೋಪಾನವಾಗಿಡಿ. ಒಮ್ಮೆ ಗುಣವಾದವರಿಗೂ ಮತ್ತೆ ತಗುಲಬಹುದು. ಸಿರೋಸಿಸ್ ಆಗಿಹೋಗಿದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು, ಲಿವರ್ ಕ್ಯಾನ್ಸರ್ ಅಪಾಯ ಅವರಿಗೆ ಪೂರ್ತಿ ತಪ್ಪಿರುವುದಿಲ್ಲ.