ಹೊಲಿಗೆ ಪ್ಯಾಟರ್ನ್ ಮಾರುವವರು ಬರೆದುಕೊಡಬೇಕಾದ ಷರತ್ತುಗಳು

ಚೀಲ, ಫ್ರಾಕ್, ರವಿಕೆಗಳ ಪ್ಯಾಟರ್ನ್ (ಬಟ್ಟೆ ಕತ್ತರಿಸಿ ಹೊಲಿಯಲು ನೋಡಿಕೊಳ್ಳುವ ನಕ್ಷೆಯ ಹಾಳೆ) ತಯಾರಿಸಿ ಮಾರುವವರನ್ನು ಕೊಳ್ಳುವವರು ಕೇಳುವುದು, ಇದರಿಂದ ಹೊಲಿದದ್ದನ್ನು ಮಾರಬಹುದೇ ಎಂದು. ಬಾಯಿಮಾತಿನಲ್ಲಿ ‘ಮಾರಿಕೊಳ್ಳಿ’ ಎಂದುಬಿಟ್ಟು, ಮುಂದೆ ನಿಮ್ಮದೇ ಹಾಳೆಯ ಜೆರಾಕ್ಸ್ ಬೇರೊಂದು ಅಂಗಡಿಯಲ್ಲಿ ಕಂಡಾಗ ಜಗಳಕ್ಕೆ ನಿಲ್ಲುವುದಕ್ಕಿಂತ, ಮೊದಲೇ ಅರ್ಧ ಪುಟದ ಷರತ್ತು ಬರೆದಿಡುವುದು ಲೇಸು.

ಬರೆಯುವಾಗ ಹಾಳೆ ಬೇರೆ, ಬಟ್ಟೆ ಬೇರೆ ಎಂಬುದನ್ನು ಮರೆಯಬಾರದು. ನೀವು ರಚಿಸಿದ ರೇಖಾಚಿತ್ರ ಮತ್ತು ಹೊಲಿಯುವ ಕ್ರಮದ ವಿವರಣೆ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಹೊಲಿದ ಉಡುಪಿನ ವಿನ್ಯಾಸದ ವಿಷಯ ಅಷ್ಟು ಸರಳವಲ್ಲ: ನೋಂದಣಿಗೆ ಅರ್ಹವಾಗಿದ್ದರೂ ನೋಂದಾಯಿಸದ ವಿನ್ಯಾಸವನ್ನು ಅದರ ಒಡೆಯರಾಗಲಿ, ಅವರಿಂದ ಅನುಮತಿ ಪಡೆದವರಾಗಲಿ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಅದರ ಕೃತಿಸ್ವಾಮ್ಯ ಮುಗಿಯುತ್ತದೆ ಎಂದು ಅದೇ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಆಕಾರ ನಿಜಕ್ಕೂ ಹೊಸದಾಗಿದ್ದರೆ, ಅದನ್ನು ಯಾರಿಗೂ ಮಾರುವ ಇಲ್ಲವೇ ತೋರಿಸುವ ಮೊದಲೇ 2000ದ ವಿನ್ಯಾಸ ಕಾಯ್ದೆಯಡಿ ಅರ್ಜಿ ಹಾಕಬೇಕು. ಆ ರಕ್ಷಣೆ 10 ವರ್ಷ ಇರುತ್ತದೆ, ಮತ್ತೆ 5 ವರ್ಷ ವಿಸ್ತರಿಸಬಹುದು. ಮಾಮೂಲಿ ಕುರ್ತಾದ ಕಟಿಂಗ್ ಮೇಲೆ ಹಕ್ಕು ಸಾಧಿಸಲು ಹೊರಡುವುದು ವ್ಯರ್ಥ.

ಹಾಗಾಗಿ ಹಾಳೆಯ ವಿಷಯದಲ್ಲಿ ಬಿಗಿಯಾಗಿ, ಬಟ್ಟೆಯ ವಿಷಯದಲ್ಲಿ ಉದಾರವಾಗಿ ಇರುವುದು ಸೂಕ್ತವೆಂದು ನನ್ನ ಅಭಿಪ್ರಾಯ. ವಿದೇಶಿ ಪ್ಯಾಟರ್ನ್‌ಗಳಲ್ಲಿ ಕಾಣುವ ‘ಸ್ವತಃ ಹೊಲಿದದ್ದನ್ನು ಮಾತ್ರ ಮಾರಬೇಕು’ ಎಂಬ ನಿಯಮವನ್ನು ಹಾಗೆಯೇ ಇಳಿಸಿಕೊಂಡರೆ ಬಳ್ಳಾರಿಯಲ್ಲಿ ಅದು ನಡೆಯದು. ಇಲ್ಲಿನ ಜೀನ್ಸ್ ಕಸುಬಿನಲ್ಲಿ ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ ನಡೆಯುತ್ತವೆ. ಚೀಲ ಹೊಲಿಯುವ ಮಹಿಳೆಯೂ ಆರ್ಡರ್ ಹೆಚ್ಚಾದರೆ ಪಕ್ಕದ ಮನೆಯವರಿಗೆ ಪೀಸಿನ ಲೆಕ್ಕದಲ್ಲಿ ಕೆಲಸ ಹಂಚುತ್ತಾಳೆ. ಅದನ್ನು ತಡೆಯುವ ಬದಲು, ಹೊರಗೆ ಹೋಗಬೇಕಾದದ್ದು ಕತ್ತರಿಸಿದ ಬಟ್ಟೆಯೇ ಹೊರತು ಪ್ಯಾಟರ್ನ್ ಹಾಳೆಯಲ್ಲ ಎಂದು ಬರೆಯಿರಿ.

‘ಸಣ್ಣ ಪ್ರಮಾಣದಲ್ಲಿ’ ಎಂಬಂಥ ಮಾತು ಬೇಡ. ಸಂಖ್ಯೆಯನ್ನೇ ನಮೂದಿಸಿ, ಅದನ್ನು ಮೀರಿದರೆ ಕೊಡಬೇಕಾದ ಶುಲ್ಕವನ್ನೂ ತಿಳಿಸಿ. ಹತ್ತು ಸದಸ್ಯೆಯರ ಸ್ತ್ರೀಶಕ್ತಿ ಸಂಘಕ್ಕೆ ಒಂದು ಪ್ರತಿ ಸಾಕೇ ಎಂಬುದೂ ಸ್ಪಷ್ಟವಾಗಿರಲಿ. ಒಂದೇ ಜಾಗದಲ್ಲಿ ಕೂತು ಹೊಲಿಯುವವರಿಗೆ ಒಂದು ಪ್ರತಿ ಎಂಬುದು ನ್ಯಾಯವಾಗಿ ಕಾಣುತ್ತದೆ.

ಪ್ಯಾಟರ್ನ್ ನಿಮ್ಮದೆಂದು ಮಾರುವ ವಸ್ತುವಿನ ಚೀಟಿಯಲ್ಲಿ ನಮೂದಿಸಲು ಕೊಂಡವರನ್ನು ಕೇಳಬಹುದು, ಆದರೆ ಹೊಲಿಗೆಯೂ ನಿಮ್ಮದೇ ಎಂಬ ಭಾವನೆ ಬಾರದಂತಿರಲಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಆ ಹೆಸರು ಅಲ್ಲಿನ ಕಸುಬಿಗೇ ಸಲ್ಲುವುದೆಂಬ ನೋಂದಣಿ, ಇರುವುದರಿಂದ, ನಿಮ್ಮ ಪ್ಯಾಟರ್ನಿನ ಚೀಲಕ್ಕೆ ಮಷಿನ್ ಕಸೂತಿ ಹಾಕಿಸಿ ಆ ಹೆಸರಿನಲ್ಲಿ ಮಾರಕೂಡದೆಂದು ಒಂದು ಸಾಲು ಸೇರಿಸುವುದು ಒಳ್ಳೆಯದು.

ಅನುಮತಿ ಲಿಖಿತವಾಗಿಯೇ ಇರಬೇಕು. ಅದನ್ನು ಹಣ ಪಡೆಯುವ ಮೊದಲೇ ತೋರಿಸಬೇಕು. ಹಣ ಕೊಟ್ಟು ಪಿಡಿಎಫ್ ತೆರೆದ ಮೇಲಷ್ಟೇ ಕಂಡ ಷರತ್ತನ್ನು ಕೊಂಡವರು ಒಪ್ಪಿದ್ದರೆಂದು ವಾದಿಸುವುದು ಕಷ್ಟ. ವಾಟ್ಸ್ಆ್ಯಪ್‌ನಲ್ಲಿ ಮಾರುವವರು ಷರತ್ತನ್ನು ಮೊದಲು ಕಳುಹಿಸಿ, ‘ಒಪ್ಪಿದೆ’ ಎಂಬ ಉತ್ತರ ಬಂದ ಬಳಿಕ ಪ್ಯಾಟರ್ನ್ ಕಳುಹಿಸಿ, ಆ ಸಂದೇಶವನ್ನು ಉಳಿಸಿಟ್ಟುಕೊಳ್ಳಲಿ.

ಒಕ್ಕಣೆ ಹೀಗಿರಬಹುದು: ‘ಈ ಪ್ಯಾಟರ್ನಿನಿಂದ ವರ್ಷಕ್ಕೆ 200 ಚೀಲಗಳವರೆಗೆ ಹೊಲಿದು ಅಥವಾ ಹೊಲಿಸಿ ನಿಮ್ಮ ಹೆಸರಿನಲ್ಲಿ ಮಾರಬಹುದು. ಹೆಚ್ಚಿಗೆ ಬೇಕಾದರೆ ಮೊದಲು ತಿಳಿಸಿ ಶುಲ್ಕ ಕೊಡಬೇಕು. ಹಾಳೆಯನ್ನಾಗಲಿ, ಪಿಡಿಎಫ್ ಅನ್ನಾಗಲಿ ನಕಲು ಮಾಡಿ ಇತರರಿಗೆ ಕೊಡುವಂತಿಲ್ಲ, ಮಾರುವಂತಿಲ್ಲ.’